ಮರದ ತುಂಬ ಕ್ವಿನ್ಸ್ ಬಿಟ್ಟಾಗ ನಾನು ಮಾಡೋದು

ಸೇಬು, ಪೇರ್ ಹಣ್ಣಿನ ನೆಂಟನಾದ ಈ ಕ್ವಿನ್ಸ್ ಮರ ಬೆಳೆಸಿರೋರಿಗೆ ಗೊತ್ತಿರತ್ತೆ, ಹಣ್ಣು ಬರೋದು ಒಂದೇ ಸಲ, ಅದೂ ಬುಟ್ಟಿಗಟ್ಲೆ. ಸೇಬಿನ ಥರ ಕಚ್ಚಿ ತಿಂದು ಮುಗಿಸೋಣ ಅಂದ್ರೆ ಕಲ್ಲಿನಷ್ಟು ಗಟ್ಟಿ, ಬಾಯೆಲ್ಲ ಒಗರು. ಯಾರಿಗಾದ್ರೂ ಕೊಟ್ರೆ ಇದನ್ನೇನ್ ಮಾಡೋದು ಅಂತ ತಿರುಗಿ ನಮ್ಮನ್ನೇ ಕೇಳ್ತಾರೆ. ನಾನು ಈಗ ಎಲ್ಲಾನೂ ಅಡುಗೆಮನೇಲೇ ಕರಗಿಸ್ತೀನಿ, ಬೇಯಿಸಿದ ಕ್ವಿನ್ಸ್ ರುಚಿ ಗೊತ್ತಾದ್ಮೇಲೆ ಒಂದು ಹಣ್ಣು ಬಿಸಾಕೋಕೂ ಮನಸ್ಸು ಬರಲ್ಲ.

ಮೊದಲು ಹಣ್ಣು ಆರಿಸೋದು. ಪೂರ್ತಿ ಹಳದಿ ಆಗಿ ಘಮ್ ಅಂತ ವಾಸನೆ ಬಂದ್ಮೇಲೆ ಕೀಳ್ತೀನಿ. ನೋಡೋಕೆ ಗಟ್ಟಿ ಇದ್ರೂ ಪೆಟ್ಟು ಬಿದ್ರೆ ಅಲ್ಲೇ ಕಂದು ಆಗ್ಬಿಡತ್ತೆ, ಹಾಗಾಗಿ ಕಿತ್ತಿದ್ದನ್ನ ಬುಟ್ಟಿಗೆ ಎಸೀಬಾರ್ದು, ಮೆತ್ತಗೆ ಇಡ್ಬೇಕು. ಪೆಟ್ಟಾಗಿದ್ದು, ಹುಳ ಕೊರೆದಿದ್ದು ಒಂದು ಕಡೆ, ಅದು ಅವತ್ತೇ ಅಥವಾ ಮಾರನೇ ದಿನ ಒಲೆಗೆ ಹೋಗ್ಬೇಕು, ಕೆಟ್ಟ ಭಾಗ ಕತ್ತರಿಸಿ ತೆಗೆದು ಜೆಲ್ಲಿ ಮಾಡ್ತೀನಿ, ಯಾಕಂದ್ರೆ ಜೆಲ್ಲಿಗೆ ಹಣ್ಣಿನ ಆಕಾರ ಬೇಕಾಗಿಲ್ಲ. ಚೆನ್ನಾಗಿರೋದನ್ನ ತಂಪಾದ ಜಾಗದಲ್ಲಿ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರವಾಗಿ ಹರಡಿಟ್ರೆ ವಾರಗಟ್ಲೆ ಇರತ್ತೆ. ಸೇಬು, ಪೇರ್ ಪಕ್ಕ ಮಾತ್ರ ಇಡ್ಬೇಡಿ, ಕ್ವಿನ್ಸ್ ವಾಸನೆ ಅವಕ್ಕೂ ಹಿಡಿಯತ್ತೆ.

ಸಿಪ್ಪೆ ಮೇಲಿರೋ ತುಪ್ಪಳ ಒದ್ದೆ ಬಟ್ಟೆಯಲ್ಲಿ ಉಜ್ಜಿದ್ರೆ ಹೋಗತ್ತೆ. ಹೆಚ್ಚೋದೇ ನಿಜವಾದ ಕೆಲಸ. ಮಣೆ ಕೆಳಗೆ ಒದ್ದೆ ಬಟ್ಟೆ ಹಾಕಿ ಜಾರದ ಹಾಗೆ ಮಾಡ್ಕೊಂಡು, ಭಾರದ ಚಾಕು ತಗೊಂಡು ನಿಧಾನಕ್ಕೆ ಒತ್ತಿ ಹೋಳು ಮಾಡ್ಬೇಕು, ಹೆಚ್ಚಿದ್ದು ಕಪ್ಪಾಗ್ಬಾರ್ದು ಅಂದ್ರೆ ನಿಂಬೆರಸ ಹಿಂಡಿದ ನೀರಲ್ಲಿ ಹಾಕ್ತಾ ಹೋಗ್ಬೇಕು. ಬೀಜ ಇರೋ ನಡುಭಾಗ ಮತ್ತೆ ಸಿಪ್ಪೆ ಎರಡನ್ನೂ ಬಿಸಾಕ್ಬೇಡಿ, ಜೆಲ್ಲಿ ಗಟ್ಟಿಯಾಗಿಸೋ ಪೆಕ್ಟಿನ್ ಜಾಸ್ತಿ ಇರೋದೇ ಅದರಲ್ಲಿ. ಆದ್ರೆ ಬೀಜ ಒಡೀಬಾರ್ದು, ಅರೀಬಾರ್ದು, ಅದರಲ್ಲಿರೋ ಅಮಿಗ್ಡಲಿನ್ ಅನ್ನೋದು ಬೀಜ ಜಜ್ಜಿದಾಗ ಸಯನೈಡ್ ಬಿಡತ್ತೆ. ಇಡಿಯಾಗೇ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಇಳಿಸಿ, ಬೆಂದ್ಮೇಲೆ ತೆಗೆದುಬಿಡ್ತೀನಿ.

ನನಗೆ ಎಲ್ಲಕ್ಕಿಂತ ಇಷ್ಟ ಸಕ್ಕರೆ ನೀರಲ್ಲಿ ಹೋಳು ಬೇಯಿಸೋದು. 1 ಕೆಜಿ ಹೋಳಿಗೆ ಸುಮಾರು ಒಂದೂವರೆ ಲೀಟರ್ ನೀರು, 350 ಗ್ರಾಂ ಸಕ್ಕರೆ, ಒಂದು ಚಕ್ಕೆ, ನಿಂಬೆ ಸಿಪ್ಪೆ, ಜೊತೆಗೆ ಆ ಗಂಟು. ಕೊತಕೊತ ಕುದಿಸಿದ್ರೆ ಹೋಳಿನ ಅಂಚು ಕರಗಿ ರಾಡಿ ಆಗತ್ತೆ, ಅದಕ್ಕೇ ತೀರಾ ಸಣ್ಣ ಉರಿ, ಎಲ್ಲೋ ಒಂದೊಂದು ಗುಳ್ಳೆ ಏಳ್ಬೇಕು ಅಷ್ಟೇ. ಮುಕ್ಕಾಲು ಗಂಟೆಗೆ ಹೋಳು ಮೆತ್ತಗಾಗತ್ತೆ, ತುಂಬಾ ಜನ ಅಲ್ಲಿಗೇ ಒಲೆ ಆರಿಸ್ತಾರೆ, ಆಗ ಸಿಗೋದು ಮಾಸಲು ಹಳದಿ ಹೋಳು. ಬಿಡಿ, ಇನ್ನೂ ಬೇಯ್ಲಿ. ಎರಡನೇ ಗಂಟೆ ಹೊತ್ತಿಗೆ ಮೊದಲು ಅಂಚಿಗೆ ಒಂದು ಚೂರು ಕೇಸರಿ ಬಣ್ಣ ಬರತ್ತೆ, ಆಮೇಲೆ ಇಡೀ ಹೋಳು ನಸುಗೆಂಪು, ಪಾಕಕ್ಕೂ ಅದೇ ಬಣ್ಣ ಇಳಿಯತ್ತೆ, ಮೂರು ಗಂಟೆ ಬಿಟ್ರೆ ಕೆಲವು ಹಣ್ಣು ಮಾಣಿಕ್ಯದ ಬಣ್ಣಕ್ಕೇ ಹೋಗತ್ತೆ. ಬಣ್ಣ ಹಾಕಿದ್ದಲ್ಲ, ಹಣ್ಣಲ್ಲಿ ಒಗರು ಕೊಡೋ ಟ್ಯಾನಿನ್ ಇರತ್ತಲ್ಲ, ಅದೇ ಬಿಸಿಗೆ ಹುಳಿಗೆ ಒಡೆದು ಆಂಥೋಸಯನಿನ್ ಜಾತಿಯ ಕೆಂಪು ಬಣ್ಣ ಆಗೋದು. ಒಗರು ಹೋಗೋದೂ ಕೆಂಪು ಬರೋದೂ ಜೊತೆಜೊತೆಗೇ ನಡಿಯತ್ತೆ, ಎಷ್ಟು ಚೆಂದ ಅಲ್ವಾ. ಎಲ್ಲಾ ತಳಿಯಲ್ಲೂ ಅಷ್ಟೇ ಗಾಢ ಬರಲ್ಲ, ತಿಳಿ ಗುಲಾಬಿಗೇ ನಿಂತ್ರೂ ರುಚಿಗೇನೂ ಕಮ್ಮಿ ಇಲ್ಲ. ಒಲೆ ಆರಿಸಿ ಪಾಕದಲ್ಲೇ ರಾತ್ರಿಯಿಡೀ ಬಿಟ್ರೆ ಇನ್ನೂ ಚೆನ್ನಾಗಿರತ್ತೆ.

ಜೆಲ್ಲಿಗೆ ಸಿಪ್ಪೆ, ನಡುಭಾಗ ಸಮೇತ ಹೋಳು ಮಾಡಿ, ಮುಳುಗೋಷ್ಟು ನೀರು ಹಾಕಿ, ಪೂರ್ತಿ ಮೆತ್ತಗಾಗೋವರೆಗೂ ಬೇಯಿಸಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ತೂಗುಹಾಕ್ತೀನಿ. ಹಿಂಡೋಕೆ ಕೈ ತುರಿಸತ್ತೆ, ಆದ್ರೆ ಹಿಂಡಿದ್ರೆ ಜೆಲ್ಲಿ ಮಂಕಾಗತ್ತೆ. ಇಳಿದ ರಸ 600 ಎಂಎಲ್‌ಗೆ 450 ಗ್ರಾಂ ಸಕ್ಕರೆ, ಸ್ವಲ್ಪ ನಿಂಬೆರಸ, ಇದಕ್ಕೆ ಮಾತ್ರ ಜೋರು ಉರಿ. ನೀರು ಕುದಿಯೋ ಬಿಸಿಗಿಂತ ನಾಲ್ಕೈದು ಡಿಗ್ರಿ ಮೇಲೆ ಹೋದ್ರೆ ಹದ ಬಂತು ಅಂತ, ಥರ್ಮಾಮೀಟರ್ ಇಲ್ದಿದ್ರೆ ಫ್ರೀಜರ್‌ನಲ್ಲಿಟ್ಟ ತಟ್ಟೆ ಮೇಲೆ ಒಂದು ಹನಿ ಬಿಟ್ಟು ಬೆರಳಲ್ಲಿ ತಳ್ಳಿದಾಗ ಮೇಲ್ಪದರ ಸುಕ್ಕಾದ್ರೆ ಸಾಕು. ಪ್ಯಾಕೆಟ್ ಪೆಕ್ಟಿನ್ ಬೇಡವೇ ಬೇಡ. ತೀರಾ ಕಳಿತ ಹಣ್ಣಿದ್ರೆ ಅದರಲ್ಲಿ ಪೆಕ್ಟಿನ್ ಕಮ್ಮಿ ಆಗಿರತ್ತೆ, ಸ್ವಲ್ಪ ದೋರೆಗಾಯಿ ಸೇರಿಸ್ಕೊಳಿ.

ಬಟ್ಟೆಯಲ್ಲಿ ಉಳಿದ ತಿರುಳು ಪೇಸ್ಟ್‌ಗೆ, ಅಂದ್ರೆ ಕತ್ತರಿಸಿ ತಿನ್ನೋ ಹಲ್ವದಂಥ ಗಟ್ಟಿ ಸಿಹಿಗೆ ಹೋಗತ್ತೆ. ಅದೊಂದನ್ನೇ ಹಾಕಿದ್ರೆ ಸಪ್ಪೆ, ರುಚಿಯೆಲ್ಲ ರಸದ ಜೊತೆ ಇಳಿದಿರತ್ತೆ, ಅದಕ್ಕೇ ಅರ್ಧ ಹೊಸ ಹಣ್ಣಿನ ತಿರುಳು ಸೇರಿಸ್ತೀನಿ. ಇದಕ್ಕೆ ಹಸಿ ಹಣ್ಣು ಹೆಚ್ಚೋ ಕಷ್ಟವೂ ಬೇಡ, ಇಡೀ ಹಣ್ಣನ್ನೇ ಮೆತ್ತಗಾಗೋವರೆಗೂ ಬೇಯಿಸಿ ಆಮೇಲೆ ಬಿಡಿಸಿದ್ರೆ ಕೈಯಲ್ಲೇ ಬರತ್ತೆ. ಎಲ್ಲಾನೂ ಜಾಲರಿಯಲ್ಲಿ ಒತ್ತಿ ಸೋಸ್ಬೇಕು, ಬೀಜದ ಸುತ್ತ ಮರಳಿನ ಥರ ಗರಗರ ಕಣ ಇರತ್ತೆ, ಅದು ಬಾಯಿಗೆ ಸಿಗ್ಬಾರ್ದು. 1 ಕೆಜಿ ತಿರುಳಿಗೆ 800 ಗ್ರಾಂ ಸಕ್ಕರೆ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ಮಗುಚ್ತಾ ಇರೋದು, ಒಂದು ಗಂಟೆ ಮೇಲೇ ಹಿಡಿಯತ್ತೆ. ಗಟ್ಟಿಯಾಗ್ತಾ ಬಂದ ಹಾಗೆ ಪಟ್ ಪಟ್ ಅಂತ ಸಿಡಿಯತ್ತೆ, ಸಕ್ಕರೆ ಸುಟ್ಟ ಗಾಯ ತುಂಬಾ ಕೆಟ್ಟದ್ದು, ಉದ್ದ ಹಿಡಿಯ ಮರದ ಸೌಟು, ತುಂಬುತೋಳಿನ ಬಟ್ಟೆ ಇರ್ಲೇಬೇಕು, ಮಕ್ಕಳನ್ನ ಹತ್ರ ಬಿಡ್ಬೇಡಿ. ಸೌಟು ಎಳೆದಾಗ ತಳ ಕಂಡು ಆ ದಾರಿ ತಕ್ಷಣ ಮುಚ್ಚಿಕೊಳ್ದೆ ನಿಂತ್ರೆ ಇಳಿಸಿ, ಬೇಕಿಂಗ್ ಪೇಪರ್ ಹಾಕಿದ ಟ್ರೇಗೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಓವನ್‌ನಲ್ಲಿ 50-60 ಡಿಗ್ರಿಗೆ ಮೇಲ್ಮೈ ಅಂಟದ ಹಾಗೆ ಒಣಗಿಸಿ. ಕತ್ತರಿಸಿ ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ರೆ ತಿಂಗಳುಗಟ್ಲೆ ಇರತ್ತೆ. ಉಪ್ಪುಪ್ಪಾದ ಗಟ್ಟಿ ಚೀಸ್ ಜೊತೆ ತಿಂದು ನೋಡಿ.

ಖಾರದ ಅಡುಗೆಗೂ ಕ್ವಿನ್ಸ್ ಹಾಕ್ಬಹುದು ಅನ್ನೋದು ಎಷ್ಟೋ ಜನರಿಗೆ ಹೊಳೆಯಲ್ಲ. ಸೇಬು ಕರಗಿಹೋಗೋ ಕಡೆ ಇದು ಗಟ್ಟಿಯಾಗಿ ನಿಲ್ಲತ್ತೆ. ಹೋಳನ್ನ ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಕುರಿ ಮಾಂಸ ಅರ್ಧ ಬೆಂದಾಗ ಸೇರಿಸಿದ್ರೆ ಆ ಹುಳಿಸಿಹಿ ಮಾಂಸದ ಜಿಡ್ಡನ್ನ ಮುರಿಯತ್ತೆ, ಮಾಂಸ ತಿನ್ನದೋರು ಕಡಲೆಕಾಳು, ಈರುಳ್ಳಿ ಜೊತೆ ಮಾಡ್ಬಹುದು.

ಇಷ್ಟೆಲ್ಲ ಆದ್ಮೇಲೂ ಉಳಿದ್ರೆ, ಬೇಯಿಸಿದ ಹೋಳನ್ನ ಪಾಕದ ಸಮೇತ ಡಬ್ಬಿಗೆ ಹಾಕಿ ಫ್ರೀಜ್ ಮಾಡಿ, ಹಿಗ್ಗೋಕೆ ಮೇಲೆ ಸ್ವಲ್ಪ ಜಾಗ ಬಿಡಿ. ಹಸಿ ಹೋಳನ್ನ ಫ್ರೀಜ್ ಮಾಡೋದಕ್ಕಿಂತ ಇದು ಎಷ್ಟೋ ವಾಸಿ, ಬೇಕಾದಾಗ ತೆಗೆದು ಆಪಲ್ ಪೈಗೆ ನಾಲ್ಕು ಹೋಳು ಸೇರಿಸಿದ್ರೂ ಇಡೀ ಪೈ ಘಮಘಮ ಅನ್ನತ್ತೆ.