ಕೈ ತೋರಿಸುವ ಮೊದಲೇ ಲಾರಿ ನಿಲ್ಲಿಸಿ

ತೋರಣಗಲ್ಲಿನಿಂದ ಸಂಡೂರಿಗೆ ಹೋಗುವ ರಸ್ತೆ ಬದಿ ನಮ್ಮ ಗ್ಯಾರೇಜ್. ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಬಂತೆಂದರೆ ಹತ್ತಿರದಲ್ಲೇ ಶಾಮಿಯಾನ ಹಾಕಿ ಲಾರಿ ತಪಾಸಣೆ ಮಾಡುತ್ತಾರೆ. ಸಹಾಯಕ್ಕೆ ನಮ್ಮನ್ನೂ ಕರೆಯುತ್ತಾರೆ. ಶಾಮಿಯಾನ ಕಂಡ ಕೂಡಲೇ ಹಳ್ಳಿ ದಾರಿಗೆ ತಿರುಗುವ ಡ್ರೈವರ್‌ಗಳ ಮಾತು ಬಿಡಿ. ತಾವಾಗಿಯೇ ಬಂದು ನಿಲ್ಲುವವರೂ ಗಾಡಿ ತೊಳೆದು, ಹೊಸ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು ಬರುತ್ತಾರೆ. ಬ್ರೇಕ್ ಮಾತ್ರ ಹಾಗೇ ಇರುತ್ತದೆ.

ಮೊದಲು ಕೇಳಿ, ಇದು ಶಿಬಿರವೋ ದಂಡ ಹಾಕುವ ಚೆಕಿಂಗೋ ಅಂತ. ಕೇಳುವುದಕ್ಕೆ ನಾಚಿಕೆ ಬೇಡ. ಖಾಲಿ ಗಾಡಿ ತನ್ನಿ, ಬೆಳಿಗ್ಗೆ ಚಕ್ರದ ಬ್ರೇಕ್ ಡ್ರಮ್ ತಣ್ಣಗಿರುವಾಗ ತನ್ನಿ. ಓವರ್‌ಲೋಡ್ ಹೊತ್ತು ಬಂದರೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. 2018ರಲ್ಲಿ ತೂಕದ ಮಿತಿ ಏರಿಸಿದರಲ್ಲ ಎಂದು ವಾದ ಮಾಡಬೇಡಿ, ನಿಮ್ಮ ಆರ್‌ಸಿಯಲ್ಲಿ ಬರೆದದ್ದೇ ನಿಮ್ಮ ಮಿತಿ.

ಕಾಗದಪತ್ರ ಡಿಜಿಲಾಕರ್‌ನಲ್ಲಿದ್ದರೆ ಸಾಕು.

ಲೈಟು, ರಿಫ್ಲೆಕ್ಟರ್ ಟೇಪು ಒರೆಸಿ. ನಮ್ಮ ಕಡೆ ಅದಿರಿನ ಕೆಂಪು ಧೂಳು ಕೂತು ಟೈಲ್ ಲ್ಯಾಂಪ್ ಯಾವುದು, ಬಾಡಿ ಯಾವುದು ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆ ಸಾಕು. ಡೀಸೆಲ್ ಬಟ್ಟೆ ಹಚ್ಚಿದರೆ ಆ ಜಿಡ್ಡಿಗೆ ಇನ್ನೂ ಜಾಸ್ತಿ ಧೂಳು ಹಿಡಿಯುತ್ತದೆ. ಟೇಪು ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಅಗ್ಗದ ಟೇಪು ಹಗಲಲ್ಲಿ ಫಳಫಳ, ರಾತ್ರಿ ಸತ್ತಂತೆ. ಕತ್ತಲಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಂತು, ಮೊಬೈಲ್ ಟಾರ್ಚ್ ಕಣ್ಣಿನ ಪಕ್ಕ ಹಿಡಿದು ನೋಡಿ. ಹೊಳೆಯದಿದ್ದರೆ ಕಿತ್ತು ಬಿಸಾಕಿ.

ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಹಿಂದಿನ ಜೋಡಿಯಲ್ಲಿ ಒಳಗಿನ ಟೈರನ್ನೂ ನೋಡಿ, ಎರಡರ ನಡುವೆ ಕಲ್ಲು ಸಿಕ್ಕಿರುತ್ತದೆ. ಮುಂದಿನ ಚಕ್ರಕ್ಕೆ ರೀಸೋಲ್ ಟೈರ್, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು, ಹಾಕಲೇಬೇಡಿ. ಇದು ನನ್ನ ಹಠ ಅಂದುಕೊಳ್ಳಿ, ಪರವಾಗಿಲ್ಲ.

ಈಗ ಬ್ರೇಕ್. ಎಲ್ಲರೂ ಎಡವುವುದು ಇಲ್ಲೇ. ಕ್ಯಾಬಿನ್‌ನಲ್ಲಿ ಕೂತು ಪೆಡಲ್ ಒತ್ತಿ, ‘ಗಟ್ಟಿ ಇದೆ’ ಅಂತಾರೆ. ಏರ್ ಬ್ರೇಕ್‌ನಲ್ಲಿ ಕಾಲಿಗೆ ಸಿಗುವ ಆ ಗಟ್ಟಿತನ ಪೆಡಲ್ ಕೆಳಗಿನ ವಾಲ್ವಿನದು. ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ, ಅಂದರೆ ಲೈನರ್, ಕಚ್ಚಿತೋ ಇಲ್ಲವೋ ಅನ್ನುವುದು ಪೆಡಲ್‌ಗೆ ಗೊತ್ತೇ ಆಗುವುದಿಲ್ಲ. ನೋಡಬೇಕಾದರೆ ಗಾಡಿ ಕೆಳಗೆ ಹೋಗಲೇಬೇಕು.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಟೈರಿಗೆ ಹಿಂದೆ ಮುಂದೆ ಮರದ ಗುಟ್ಟ ಕೊಡಿ. ಕಲ್ಲು ಬೇಡ. ಆಮೇಲೆ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತೀರಿ, ರಾತ್ರಿ ಬೈಕಿನವನು ಬೀಳುತ್ತಾನೆ. ಟುಸ್ ಅನ್ನುವ ತನಕ ಏರ್ ತುಂಬಿಸಿ, ಇಂಜಿನ್ ಆಫ್ ಮಾಡಿ. ಈಗ ಹ್ಯಾಂಡ್ ಬ್ರೇಕ್ ಬಿಡಿ. ಹ್ಯಾಂಡ್ ಬ್ರೇಕ್ ಹಾಕಿದ್ದರೆ ಹಿಂದಿನ ಬೂಸ್ಟರ್‌ನ (ಗಾಳಿಯಿಂದ ರಾಡ್ ತಳ್ಳಿ ಬ್ರೇಕ್ ಹಾಕಿಸುವ ಡಬ್ಬಿ) ರಾಡ್ ಆಗಲೇ ಹೊರಗೆ ಬಂದಿರುತ್ತದೆ, ಎಷ್ಟು ಓಡುತ್ತದೆ ಅಂತ ಅಳೆಯಲು ಆಗುವುದಿಲ್ಲ. ಗುಟ್ಟ ಕೊಡದೆ ಮಾತ್ರ ಯಾರೂ ಕೆಳಗೆ ನುಗ್ಗಬೇಡಿ.

ರಾಡ್ ಬೂಸ್ಟರ್‌ನಿಂದ ಹೊರಬರುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಕ್ಲೀನರ್ ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ಸರಿಯಿತು ಅಂತ ಸ್ಕೇಲ್ ಇಟ್ಟು ಅಳೆಯಿರಿ. ಮಿತಿ ಬೂಸ್ಟರ್ ಸೈಜಿನ ಮೇಲೆ ಹೋಗುತ್ತದೆ, ಕಂಪನಿ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಒಂದೇ ಆಕ್ಸೆಲ್‌ನ ಎಡ ಬಲ ಹೆಚ್ಚುಕಮ್ಮಿ ಒಂದೇ ಆಗಿರಬೇಕು. ಹೋದ ವರ್ಷ ಒಬ್ಬ ಹಳೇ ಡ್ರೈವರ್ ತಾನಾಗಿಯೇ ಬಂದಿದ್ದ. ಎಡಗಡೆ ಗೆರೆ ಒಂದೂವರೆ ಬೆರಳು ಸರಿಯಿತು, ಬಲಗಡೆ ಮೂರೂವರೆ. ‘ಪೆಡಲ್ ಗಟ್ಟಿ ಇತ್ತಲ್ಲ ಅಣ್ಣಾ’ ಅಂತ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ದೋಣಿಮಲೈ ಗಣಿ ಕಡೆಯಿಂದ ಲೋಡ್ ಹೊತ್ತು ಬೆಟ್ಟ ಇಳಿಯುವ ಗಾಡಿ ಅದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಡ್ರಮ್ ಕಾದು ಹಿಗ್ಗಿದರೆ ಲೈನರ್ ಇನ್ನೂ ದೂರ ಓಡಬೇಕು. ತಣ್ಣಗಿದ್ದಾಗಲೇ ಮೂರೂವರೆ ಬೆರಳಾದರೆ ಕಾದಾಗ ಗತಿ ಏನು?

ಪೆಡಲ್ ಒತ್ತಿ ಹಿಡಿದಿರುವಾಗಲೇ ಏರ್ ಗೇಜ್ ನೋಡಿ. ಮುಳ್ಳು ಮೊದಲು ಸ್ವಲ್ಪ ಇಳಿದು ನಿಲ್ಲಬೇಕು. ಇಳಿಯುತ್ತಲೇ ಇದ್ದರೆ ಲೀಕ್ ಇದೆ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಾಕಿ ಹುಡುಕಿ.

ರಾಡ್‌ನ ತುದಿಯಲ್ಲಿ ಬ್ರೇಕಿನ ಸಡಿಲ ತೆಗೆಯುವ ತೋಳು ಇರುತ್ತದಲ್ಲ, ಅದೇ ಸ್ಲ್ಯಾಕ್ ಅಡ್ಜಸ್ಟರ್. ಅದು ಕೈಯಿಂದ ಟೈಟ್ ಮಾಡುವಂಥದ್ದಾದರೆ ಚಕ್ರ ಜಾಕಿ ಮೇಲೆತ್ತಿ, ಲೈನರ್ ಡ್ರಮ್‌ಗೆ ತಾಗುವ ತನಕ ತಿರುಗಿಸಿ, ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದೆ ಬಿಡಿ. ಚಕ್ರ ಸಲೀಸಾಗಿ ತಿರುಗಬೇಕು. ಆಟೊಮ್ಯಾಟಿಕ್ ಇದ್ದರೆ ಪಾನಾ ಹಾಕಬೇಡಿ. ಅದು ತಾನಾಗಿ ಹಿಡಿಯುತ್ತಿಲ್ಲ ಅಂದರೆ ಒಳಗೆ ಏನೋ ಕೆಟ್ಟಿದೆ. ಸುಮ್ನೆ ಟೈಟ್ ಮಾಡಿದರೆ ಎರಡು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಕಥೆ. ಲೋಕಲ್ ಲೈನರ್ ಅರ್ಧ ರೇಟಿಗೆ ಸಿಗುತ್ತದೆ ನಿಜ. ಕಾದಾಗ ಗಾಜಿನಂತೆ ನುಣ್ಣಗಾಗುತ್ತದೆ, ಕಚ್ಚುವುದೇ ಇಲ್ಲ.

ಏರ್ ಟ್ಯಾಂಕ್ ನೀರು ದಿನಾ ಬಿಡಿ. ಹಾಲಿನಂತೆ ಬೆಳ್ಳಗೆ ಬಂದರೆ ಕಂಪ್ರೆಸರ್ ಆಯಿಲ್ ಕಕ್ಕುತ್ತಿದೆ.

ಅಮೆರಿಕ, ಕೆನಡಾದಲ್ಲಿ ಪೂರ್ತಿ ತಪಾಸಣೆ ಪಾಸಾದ ಲಾರಿಗೆ ಮೂರು ತಿಂಗಳವರೆಗೆ ನಡೆಯುವ ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮ ಶಿಬಿರದಲ್ಲಿ ಸಿಗುವುದು ಒಂದು ಚೀಟಿ, ಒಂದು ಕಪ್ ಚಹಾ. ಆ ಚೀಟಿ ಜೇಬಿನಲ್ಲಿಟ್ಟು ಮರೆಯಬೇಡಿ. ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಬಾಯಲ್ಲಿ ಹೇಳಿದರೆ ‘ಈ ಟ್ರಿಪ್ ಮುಗಿಸು, ನೋಡೋಣ’ ಅಂತಾರೆ. ನಮ್ಮ ಹಳೇ ಡ್ರೈವರ್ ಚೀಟಿಯ ಜೊತೆ ಸೀಮೆಸುಣ್ಣದ ಗೆರೆಯ ಫೋಟೊನೂ ಕಳಿಸಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೈನರ್ ದುಡ್ಡು ಬಂದಿತ್ತು.