ಮದುವೆಯ ಹೊಸ್ತಿಲಲ್ಲಿ ದುಡಿಮೆ ನಿಂತಾಗ: ನನ್ನ ಅನುಭವ

2023ರ ಮೇ ತಿಂಗಳಿಗೆ ನಮ್ಮ ದೊಡ್ಡ ಮಗಳ ಮದುವೆ ನಿಶ್ಚಯವಾಗಿತ್ತು. ನಾನು ಬೆಂಗಳೂರಿನ ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವಳು. ನಮ್ಮ ಯಜಮಾನರು ಸಾಲದ ಮೇಲೆ ಕೊಂಡ ಸ್ವಂತ ಆಟೋ ಓಡಿಸುತ್ತಿದ್ದರು. ಫೆಬ್ರುವರಿಯ ಕೊನೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ಮನೆಯ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ ಆಗಿದ್ದರಿಂದ, ಚಿಕಿತ್ಸೆ, ಮನೆ ಖರ್ಚು, ಆಟೋ ಕಂತು ಮತ್ತು ಮದುವೆ ಎಂಬ ನಾಲ್ಕು ಹೊರೆಗಳು ನನ್ನೊಬ್ಬಳ ಸಂಬಳದ ಮೇಲೆ ಬಂದು ನಿಂತವು. ಇಂಥದೇ ಸ್ಥಿತಿಯಲ್ಲಿರುವ ಕಾರ್ಮಿಕ ಕುಟುಂಬಗಳಿಗೆ ನೆರವಾಗಬಹುದೆಂದು ಆ ದಿನಗಳಲ್ಲಿ ಹಣವನ್ನು ಹೇಗೆ ಹೊಂದಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮನ್ನು ಉಳಿಸಿದ್ದು ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವ ಕಾರ್ಮಿಕರ ವೇತನದಿಂದ ನೂರಕ್ಕೆ 0.75ರಷ್ಟು ಕಡಿತವಾಗುತ್ತದೆ, ಮಾಲೀಕರು 3.25ರಷ್ಟು ಕಟ್ಟುತ್ತಾರೆ, ಅಂದರೆ 16,000 ರೂಪಾಯಿ ಸಂಬಳಕ್ಕೆ ನಮ್ಮ ಕೈಯಿಂದ ಹೋಗುವುದು 120 ರೂಪಾಯಿ. ಆ ಚಂದಾದಿಂದ ಕಾರ್ಮಿಕಳಿಗೆ ಮಾತ್ರವಲ್ಲ, ಆಕೆಯ ಗಂಡನಿಗೂ ಚಿಕಿತ್ಸೆಯ ಹಕ್ಕು ಬರುತ್ತದೆ ಎಂಬುದು ನಮ್ಮ ಲೈನಿನಲ್ಲಿ ಹೊಲಿಯುವ ಅನೇಕ ಹೆಂಗಸರಿಗೆ ತಿಳಿದಿರಲಿಲ್ಲ. ಗಂಡಸಿನ ಹೆಸರಿನಲ್ಲಿದ್ದರಷ್ಟೇ ಅದು ಮನೆಯವರಿಗೆಲ್ಲ ಅನ್ವಯಿಸುತ್ತದೆ ಎಂದು ತಿಳಿದವರೇ ಹೆಚ್ಚು. ಮೊದಲ ರಾತ್ರಿ ಅವರನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಸ್ಥಿತಿ ಸುಧಾರಿಸಿದ ಕೂಡಲೇ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಂದ ಬರೆದುಕೊಟ್ಟ ರೆಫರಲ್ ಪತ್ರದ ಮೇಲೆ ಅವರೊಂದಿಗೆ ಒಪ್ಪಂದವಿರುವ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳದ ಅಡ್ಡಿ ಬಿಡಿಸುವ ಆಂಜಿಯೋಪ್ಲಾಸ್ಟಿ ನಡೆಯಿತು, ಅದಕ್ಕೆ ನಾವು ಹಣ ಕಟ್ಟಬೇಕಾಗಲಿಲ್ಲ. ತುರ್ತಿನಲ್ಲಿ ಹೊರಗೆ ಆದ ಖರ್ಚಿಗೂ ಮರುಪಾವತಿ ಕೇಳಬಹುದು, ಆದರೆ ಸರ್ಕಾರ ನಿಗದಿಪಡಿಸಿದ ದರದ ಮಿತಿಯಲ್ಲಷ್ಟೇ ಅದು ಸಿಗುತ್ತದೆ. ಹಾಗಾಗಿ ಮೂಲ ಬಿಲ್ಲು, ಡಿಸ್ಚಾರ್ಜ್ ಚೀಟಿ, ತುರ್ತು ಎಂದು ವೈದ್ಯರು ಬರೆದ ಪ್ರಮಾಣಪತ್ರ ಇವನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಯಾರು ಕೇಳಿದರೂ ಜೆರಾಕ್ಸ್ ಪ್ರತಿಯನ್ನೇ ಕೊಡುತ್ತಿದ್ದೆ.

ಆದರೆ ದುಡಿಮೆ ನಿಂತದ್ದಕ್ಕೆ ಇಎಸ್‌ಐ ಪರಿಹಾರ ನಮಗಿರಲಿಲ್ಲ. ಕಾಯಿಲೆ ಬಿದ್ದವರು ಚಂದಾದಾರರೇ ಆಗಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಗಂಡನ ಆಟೋ ನಿಂತರೆ ಹೆಂಡತಿಯ ಚಂದಾದಿಂದ ಆ ಹಣ ಬರುವುದಿಲ್ಲ. ಮನೆಯ ಮುಂದೆ ನಿಂತ ಗಾಡಿಗೆ ಕಂತು ಮಾತ್ರ ತಪ್ಪುತ್ತಿರಲಿಲ್ಲ. ಆದ್ದರಿಂದ ಯಜಮಾನರ ಸ್ಟ್ಯಾಂಡಿನಲ್ಲೇ ಇದ್ದ, ಬಾಡಿಗೆ ಗಾಡಿ ಓಡಿಸಲು ಬೇಕಾದ ಬ್ಯಾಡ್ಜ್ ಹೊಂದಿದ ನಂಬಿಗಸ್ತ ಚಾಲಕರೊಬ್ಬರಿಗೆ ಆಟೋವನ್ನು ದಿನಕ್ಕೆ 300 ರೂಪಾಯಿ ಬಾಡಿಗೆಗೆ ಕೊಟ್ಟೆ. ಕೊಡುವ ಮೊದಲು ಅವರ ಡಿಎಲ್, ಗಾಡಿಯ ವಿಮೆ, ಎಫ್‌ಸಿ (ಗಾಡಿ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ) ಮೂರನ್ನೂ ನೋಡಿಕೊಂಡೆ. ಆ ಬಾಡಿಗೆಯಲ್ಲಿ ಕಂತು ಹೋಗಿ ಹಾಲು, ತರಕಾರಿಗೂ ಸ್ವಲ್ಪ ಉಳಿಯುತ್ತಿತ್ತು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ತುಮಕೂರಿಗೆ ಹೋಗಿ ಬೀಗರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೆಂಟರು ಬೇಡವೆಂದರು, ಸಂಬಂಧ ಮುರಿದೀತೆಂದು ಹೆದರಿಸಿದರು. ನನ್ನ ಲೆಕ್ಕ ಬೇರೆಯಾಗಿತ್ತು. ಛತ್ರ, ಅಡುಗೆ, ಹೂವು, ವಾಲಗ ಯಾವುದೇ ಇರಲಿ, ಮುಂಗಡ ಕೊಡುವ ಮುಂಚೆ ಖರ್ಚು ಇಳಿಸುವುದು ಸುಲಭ; ಲಗ್ನಪತ್ರಿಕೆ ಹಂಚಿದ ಮೇಲೆ ಯಾರೂ ಏನನ್ನೂ ಇಳಿಸಲಾರರು. ಬೀಗಿತ್ತಿ ಕೇಳಿಸಿಕೊಂಡು, "ಮೊದಲು ಬೀಗರು ಎದ್ದು ಓಡಾಡಲಿ ಅಕ್ಕ, ಧಾರೆ ಎರೆಯೋಕೆ ಅವರೇ ಬೇಕಲ್ವಾ" ಎಂದರು. ಹಿಂದಿನ ಸಂಜೆಯ ಆರತಕ್ಷತೆಯನ್ನು ಕೈಬಿಡೋಣ ಎಂದು ಮೊದಲು ಬಾಯಿಬಿಟ್ಟವರೂ ಅವರೇ. ಛತ್ರದವರು ಎರಡು ದಿನದ ಬಾಡಿಗೆಯನ್ನು ಒಂದೇ ದಿನಕ್ಕೆ ಇಳಿಸಿಕೊಂಡರು.

ಹೆಚ್ಚು ಹಣ ಉಳಿದದ್ದು ಎಲೆಯ ಲೆಕ್ಕದಲ್ಲಿ. ಮೂರು ಹೊತ್ತಿಗೆ ಒಟ್ಟು 1,200 ಎಲೆ ಎಂದು ಅಂದಾಜು ಮಾಡಿದ್ದೆವು. ಅಡುಗೆ ಕಂಟ್ರಾಕ್ಟರ್ ಜೊತೆ ದಿನಸಿ ಪಟ್ಟಿಯನ್ನು ಸಾಲು ಸಾಲಾಗಿ ಓದಿ, ಬೆಳಗಿನ ತಿಂಡಿಯನ್ನು ಮನೆಯವರಿಗೆ ಸೀಮಿತಗೊಳಿಸಿ, ಮುಹೂರ್ತದ ಊಟಕ್ಕೆ 400 ಎಲೆ ನಿಗದಿ ಮಾಡಿದೆವು. "ಹೋಳಿಗೆ ಇದ್ದರೆ ಎರಡನೇ ಸಿಹಿಯನ್ನ ಜನ ಎಲೆಯಲ್ಲೇ ಬಿಡ್ತಾರೆ ಅಮ್ಮ" ಎಂದು ಅವರೇ ಜಹಾಂಗೀರನ್ನು ಹೊಡೆದುಹಾಕಿದರು. ಐಸ್‌ಕ್ರೀಮು, ಬೀಡಾ ಅಂಗಡಿ ಕೂಡ ಹೋದವು. ಹೋಳಿಗೆಗೆ ಹಾಕುವ ತುಪ್ಪದಲ್ಲಿ ಮಾತ್ರ ಕೈ ಹಿಡಿಯಲು ನಾನು ಒಪ್ಪಲಿಲ್ಲ. ಬಂದವರು ಹೊಟ್ಟೆ ತುಂಬ ಉಂಡು ಹೋಗಬೇಕೆಂಬ ಆಸೆಯನ್ನು ಬಿಡುವಷ್ಟು ಬಡತನ ನಮಗೆ ಬಂದಿರಲಿಲ್ಲ.

ಉಳಿದ ಹಣಕ್ಕೆ ಭವಿಷ್ಯ ನಿಧಿಯ (ಪಿಎಫ್) ಮೊರೆ ಹೋದೆ. ಆಗಿನ ನಿಯಮದಂತೆ ಏಳು ವರ್ಷ ಸದಸ್ಯರಾಗಿದ್ದವರು ಮಕ್ಕಳ ಮದುವೆಗೆ ತಮ್ಮ ಪಾಲಿನ ಅರ್ಧದಷ್ಟನ್ನು ಬಡ್ಡಿಸಹಿತ ಮುಂಗಡವಾಗಿ ತೆಗೆಯಬಹುದಾಗಿತ್ತು, ಅದನ್ನು ಮರಳಿ ಕಟ್ಟಬೇಕಾಗಿಲ್ಲ. ಮನೆಯವರ ಕಾಯಿಲೆಗೂ ಪ್ರತ್ಯೇಕ ಮುಂಗಡವಿತ್ತು; ಚಿಕಿತ್ಸೆ ಇಎಸ್‌ಐನಲ್ಲಿ ಆಗಿದ್ದರಿಂದ ಅದನ್ನು ಮುಂದಿನ ಆಪತ್ತಿಗೆಂದು ಮುಟ್ಟದೆ ಬಿಟ್ಟೆ. ಆಧಾರ್ ಮತ್ತು ಪಿಎಫ್ ಖಾತೆಯಲ್ಲಿ ಹೆಸರಿನ ಒಂದಕ್ಷರ ಬೇರೆಯಾಗಿದ್ದರೂ ಅರ್ಜಿ ತಿರಸ್ಕಾರವಾಗುವ ಸಂಭವವಿರುತ್ತದೆ, ಅದನ್ನು ಮೊದಲೇ ಸರಿಪಡಿಸಿಕೊಂಡಿರಬೇಕು. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಮಂಡಳಿ ಈ ನಿಯಮಗಳನ್ನು ಬದಲಿಸುವ ತೀರ್ಮಾನ ಕೈಗೊಂಡಿರುವುದರಿಂದ, ಈಗ ಅರ್ಜಿ ಹಾಕುವವರು ಹೊಸ ನಿಯಮವನ್ನು ಕೇಳಿ ತಿಳಿದುಕೊಳ್ಳಬೇಕು.

ಇಷ್ಟಾದರೂ ಒಂದು ಲಕ್ಷ ರೂಪಾಯಿ ಕಡಿಮೆಬಿತ್ತು. ನಮ್ಮ ಬೀದಿಯಲ್ಲಿ ಕೈಸಾಲ ಸಿಗುವುದು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ, ಅಂದರೆ ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ. ನನ್ನ ಎರಡೆಳೆ ಸರವನ್ನು ಬ್ಯಾಂಕಿನಲ್ಲಿ ಗಿರವಿ ಇಟ್ಟಾಗ ಅದೇ ಮೊತ್ತಕ್ಕೆ ವರ್ಷಕ್ಕೆ ಸುಮಾರು 9,000 ಬಡ್ಡಿಯಾಯಿತು. ಮಗಳಿಗೆಂದು ಮಾಡಿಸಿದ ಒಡವೆಯನ್ನು ಗಿರವಿಗೆ ಕಳಿಸುವ ಮಾತು ಬಂದಾಗ ನಾನು ಖಡಾಖಂಡಿತವಾಗಿ ಬೇಡವೆಂದೆ. ಅದು ಅವಳ ಸೊತ್ತು.

ಮುಯ್ಯಿಯ ಬಗ್ಗೆ ಒಂದು ಮಾತು. ನಾವು ಯಾರ ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಿದ್ದೇವೆ ಎಂಬುದನ್ನು ಯಜಮಾನರು ಹಳೆಯ ಡೈರಿಯೊಂದರಲ್ಲಿ ಬರೆದಿಡುತ್ತಿದ್ದರು. ಅದನ್ನು ನೋಡಿ ಎಷ್ಟು ಬಂದೀತೆಂದು ಅಂದಾಜು ಮಾಡಿದೆನಾದರೂ, ಅದನ್ನು ನೆಚ್ಚಿಕೊಂಡು ಒಂದು ರೂಪಾಯಿಯ ಖರ್ಚನ್ನೂ ಒಪ್ಪಿಕೊಳ್ಳಲಿಲ್ಲ. ಧಾರೆಯಾದ ಮೇಲೆ ಬಂದ ಮುಯ್ಯಿಯಲ್ಲಿ ಮೊದಲು ಅಡುಗೆಯವರ ಬಾಕಿ ತೀರಿಸಿ, ಮಿಕ್ಕದ್ದನ್ನು ನೇರವಾಗಿ ಒಡವೆ ಸಾಲಕ್ಕೆ ಕಟ್ಟಿದೆ. ಉಳಿದ ಸಾಲವನ್ನು ಸಂಬಳದಿಂದ ತೀರಿಸಿ ಮುಂದಿನ ಯುಗಾದಿಯ ಹೊತ್ತಿಗೆ ಸರವನ್ನು ಬಿಡಿಸಿಕೊಂಡೆ. ಯಜಮಾನರು ಈಗ ಬೆಳಗಿನ ಹೊತ್ತು ಮಾತ್ರ ಆಟೋ ಓಡಿಸುತ್ತಾರೆ, ಅವರ ಮಾತ್ರೆಗಳನ್ನು ಪ್ರತಿ ತಿಂಗಳೂ ಇಎಸ್‌ಐ ಡಿಸ್ಪೆನ್ಸರಿಯಿಂದ ತರುತ್ತೇನೆ.