ಬಿಟ್ಟಿ ಜೀಪಿನ ಬಾಡಿಗೆ: ಪಕ್ಷೇತರನೊಬ್ಬನ ಚುನಾವಣಾ ಲೆಕ್ಕ

2023ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಷೇತರನಾಗಿ ನಿಂತು ಠೇವಣಿ ಕಳೆದುಕೊಂಡವನು ನಾನು. ಸೋಲಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಆದರೆ ಖರ್ಚಿನ ಲೆಕ್ಕವನ್ನು ಗಡುವಿನೊಳಗೆ ಒಪ್ಪಿಸಿದೆ. ಪಂಚಾಯಿತಿ ಗೆದ್ದು ವಿಧಾನಸಭೆಗೆ ಕಣ್ಣಿಟ್ಟಿರುವ ಗೆಳೆಯರು ಈಗ ಅದನ್ನೇ ವಿಚಾರಿಸುತ್ತಾರೆ.

ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ ಆಗ 40 ಲಕ್ಷ ರೂಪಾಯಿ. ನನ್ನ ಖರ್ಚು ಅದರ ಹತ್ತನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಹಾಗಾಗಿ ಲೆಕ್ಕ ನನಗೇಕೆ ತಲೆನೋವು ಎಂದುಕೊಂಡಿದ್ದೆ. ಆದರೆ 40 ಲಕ್ಷದವನೂ 40 ಸಾವಿರದವನೂ ಬರೆಯಬೇಕಾದ ಪುಸ್ತಕ ಒಂದೇ. ಗೆದ್ದವರು ಮಾತ್ರ ಲೆಕ್ಕ ಕೊಟ್ಟರೆ ಸಾಕು ಎಂಬುದು ಇನ್ನೊಂದು ಭ್ರಮೆ. ಸರಿಯಾದ ಕಾರಣವಿಲ್ಲದೆ ಲೆಕ್ಕ ಸಲ್ಲಿಸದಿದ್ದರೆ, ಪ್ರಜಾಪ್ರತಿನಿಧಿ ಕಾಯ್ದೆಯ 10ಎ ಕಲಂ ಪ್ರಕಾರ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತವನಿಗೂ ಅದು ಅನ್ವಯ.

ಮೊದಲ ಕೆಲಸ ಬ್ಯಾಂಕಿನದು. ಚುನಾವಣೆಗೆಂದೇ ಪ್ರತ್ಯೇಕ ಖಾತೆ ಬೇಕು, ಅದೂ ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮುಂಚೆ. ನಾನು ಏಪ್ರಿಲ್ 17ಕ್ಕೆ ಖಾತೆ ತೆರೆದು 19ಕ್ಕೆ ನಾಮಪತ್ರ ಹಾಕಿದೆ. ಸ್ವಂತ ಹಣವಾದರೂ ಮೊದಲು ಈ ಖಾತೆಗೆ ಬಂದು ಆಮೇಲೆ ಹೊರಗೆ ಹೋಗಬೇಕು. ಜೇಬಿನಿಂದ ತೆಗೆದುಕೊಡುವ ಚಾಳಿ ಬಿಡುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ನಾಮಪತ್ರದ ದಿನ ಕೈಗೆ ಕೊಟ್ಟ ವಹಿಯಲ್ಲಿ ಮೂರು ಬಣ್ಣದ ಹಾಳೆಗಳಿದ್ದವು: ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಅದನ್ನು ನನ್ನ ತಂಗಿಗೆ ಒಪ್ಪಿಸಿದೆ. ಹನ್ನೆರಡು ವರ್ಷ ಸ್ವಸಹಾಯ ಸಂಘದ ಪುಸ್ತಕ ಬರೆದ ಕೈ ಅವಳದು. ಅವಳು ಹಾಕಿದ ಕಟ್ಟಳೆ ಒಂದೇ: ರಾತ್ರಿ ಊಟಕ್ಕೆ ಮೊದಲು ರಸೀದಿಗಳು ಮೇಜಿನ ಮೇಲೆ ಬೀಳಬೇಕು. ರಸೀದಿ ತಾರದ ಹುಡುಗರಿಗೆ ಮರುದಿನದ ಹಣವಿಲ್ಲ. ಹುಡುಗರು ನನಗಿಂತ ಅವಳಿಗೇ ಹೆಚ್ಚು ಹೆದರುತ್ತಿದ್ದರು.

ಕೊಟ್ಟ ಹಣವನ್ನು ಬರೆಯುವುದು ಸುಲಭ. ಕೊಡದ ಹಣವನ್ನು ಬರೆಯುವುದೇ ಕಷ್ಟ. ತಂಗಿಯ ಗಂಡ ತಮ್ಮ ಜೀಪನ್ನು ಪ್ರಚಾರಕ್ಕೆಂದು ಪ್ರೀತಿಯಿಂದ ಬಿಟ್ಟಿದ್ದರು. ಬಿಟ್ಟಿಯಾಗಿ ಬಂದ ವಾಹನಕ್ಕೂ ಜಿಲ್ಲಾ ಚುನಾವಣಾಧಿಕಾರಿ ಪ್ರಕಟಿಸಿದ ದರದಲ್ಲಿ ಬಾಡಿಗೆ ಕಟ್ಟಿ, ವಸ್ತು ರೂಪದ ದೇಣಿಗೆ ಎಂದು ತೋರಿಸಬೇಕು. ಅದಕ್ಕೆ ಅವರಿಂದ ಒಂದು ಪತ್ರ ಕೇಳಿದೆ. "ನಮ್ಮ ಮನೆಯ ಗಾಡಿಗೂ ಬಾಡಿಗೆ ಬರೆಯುತ್ತೀರಾ ಭಾವ?" ಎಂದು ಮುಖ ಸಣ್ಣದು ಮಾಡಿಕೊಂಡರು. ಎರಡು ದಿನ ಜೀಪು ಬರಲಿಲ್ಲ. ಬಾರದ ಆ ಎರಡು ದಿನಕ್ಕೂ ಬಾಡಿಗೆ ನನ್ನ ತಲೆಗೇ ಬಂತು, ಏಕೆಂದರೆ ಜೀಪನ್ನು ಪ್ರಚಾರಕ್ಕೆ ಬಳಸಲು ಪಡೆದಿದ್ದ ಪರವಾನಗಿಯನ್ನು ನಾನು ಹಿಂದಿರುಗಿಸಿರಲಿಲ್ಲ. ಪರವಾನಗಿ ನಮ್ಮ ಹೆಸರಿನಲ್ಲಿರುವ ತನಕ ಗಾಡಿ ಓಡುತ್ತಿದೆ ಎಂದೇ ಲೆಕ್ಕ. ಪತ್ರಕ್ಕೆ ಸಹಿ ಹಾಕಿಸಿದ್ದು ತಂಗಿ. ಹೇಗೆ ಹಾಕಿಸಿದಳೋ ನಾನು ಕೇಳಲಿಲ್ಲ.

ನಾವು ಬರೆಯುತ್ತಿದ್ದಂತೆಯೇ ಅಧಿಕಾರಿಗಳೂ ನಮ್ಮ ಹೆಸರಿನಲ್ಲಿ ಒಂದು ಪುಸ್ತಕ ಬರೆಯುತ್ತಿರುತ್ತಾರೆ. ಅದಕ್ಕೆ ಶ್ಯಾಡೋ ರಿಜಿಸ್ಟರ್ ಎನ್ನುತ್ತಾರೆ. ವಿಡಿಯೊ ತಂಡ ಸಭೆಯನ್ನು ಚಿತ್ರೀಕರಿಸಿಕೊಂಡು ಹೋಗುತ್ತದೆ, ಅದನ್ನು ನೋಡಿ ಕುರ್ಚಿ, ಶಾಮಿಯಾನ, ಧ್ವನಿವರ್ಧಕ ಎಲ್ಲವನ್ನೂ ಎಣಿಸುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ನಮ್ಮ ವಹಿಯನ್ನು ಒಯ್ದು ಇದರೊಂದಿಗೆ ತಾಳೆ ನೋಡಿಸಬೇಕು. ಎರಡನೆಯ ತಪಾಸಣೆಯಲ್ಲಿ ನನ್ನ ವಹಿಯಲ್ಲಿ 60 ಕುರ್ಚಿ, ಅವರದರಲ್ಲಿ 100. ಉತ್ತರಿಸಲು 48 ಗಂಟೆ ಕೊಟ್ಟು ನೋಟಿಸ್ ಬಂತು. ನೋಡಿದರೆ ಸಭೆ ನಡೆದದ್ದು ಸಮುದಾಯ ಭವನದ ಅಂಗಳದಲ್ಲಿ, ಉಳಿದ 40 ಕುರ್ಚಿ ಭವನದವೇ. ನಾನು ಬಾಡಿಗೆಗೆ ತಂದದ್ದನ್ನು ಮಾತ್ರ ಬರೆದಿದ್ದೆ. ವಾದಿಸಬಹುದಿತ್ತೇನೋ. ಆದರೆ ಜನ ಕುಳಿತದ್ದು ನನ್ನ ಮಾತು ಕೇಳಲು. ನಲವತ್ತನ್ನೂ ಸೇರಿಸಿ ಬರೆದುಕೊಟ್ಟೆ. ಮಿತಿಗಿಂತ ಅಷ್ಟು ಕೆಳಗಿರುವವನು ಕುರ್ಚಿಗಾಗಿ ಜಗಳವಾಡುವುದರಲ್ಲಿ ಅರ್ಥವಿಲ್ಲ.

ಎಡವಿದ್ದು ನಗದಿನಲ್ಲಿ. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೋ ಸಂಸ್ಥೆಗೋ ನಗದಾಗಿ ಕೊಡಬಹುದಾದದ್ದು ಒಟ್ಟು 10,000 ರೂಪಾಯಿ. ದಿನಕ್ಕೆ ಹತ್ತು ಸಾವಿರ ಎಂದು ನಾನು ತಿಳಿದಿದ್ದೆ. ಶಾಮಿಯಾನದವರಿಗೆ ಮೂರು ಸಾವಿರದಂತೆ ನಾಲ್ಕು ಸಲ ಕೊಟ್ಟಾಗಿತ್ತು. ಗುಲಾಬಿ ಹಾಳೆಯಲ್ಲಿ ಒಂದೇ ಹೆಸರು ನಾಲ್ಕನೆಯ ಬಾರಿ ಬಂದಾಗ ತಂಗಿ ಪೆನ್ನು ಕೆಳಗಿಟ್ಟಳು. ದಿನಾಂಕ ತಿದ್ದಿ, ಇನ್ನೊಬ್ಬರ ಹೆಸರಿನಲ್ಲಿ ರಸೀದಿ ಮಾಡಿಸಿ ಎಂದು ಬುದ್ಧಿ ಹೇಳಿದವರಿದ್ದರು. ಅದಕ್ಕೆ ಕೈಹಾಕದೆ, ಆದ ತಪ್ಪನ್ನು ಬರವಣಿಗೆಯಲ್ಲಿ ಒಪ್ಪಿಕೊಂಡು ಮುಂದಿನ ಬಿಲ್ಲುಗಳಿಗೆಲ್ಲ ಚೆಕ್ ಕೊಟ್ಟೆ. ಆ ಪುಟದಲ್ಲಿ ಒಂದು ಟಿಪ್ಪಣಿ ಬಿತ್ತು, ಅಷ್ಟಕ್ಕೇ ನಿಂತಿತು.

ಕರಪತ್ರದ ವಿಷಯದಲ್ಲಿ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಅಚ್ಚಾಗಿದೆಯೇ ಎಂದು ನೋಡಿಕೊಂಡರಾಯಿತು. ನಾಮಪತ್ರಕ್ಕೆ ಮುಂಚೆ ಅಚ್ಚು ಮಾಡಿಸಿ ಆಮೇಲೆ ಹಂಚಿದ್ದೂ ಲೆಕ್ಕಕ್ಕೆ ಬರುತ್ತದೆ.

ಮೇ 13ಕ್ಕೆ ಫಲಿತಾಂಶ ಬಂತು. ಅಂದಿನಿಂದ 30 ದಿನಗಳ ಒಳಗೆ, ಎಂದರೆ ಜೂನ್ 12ರೊಳಗೆ, ಲೆಕ್ಕ ಸಲ್ಲಿಕೆಯಾಗಬೇಕಿತ್ತು. ಸೋತ ಮನೆಯಲ್ಲಿ ರಸೀದಿ ಎಣಿಸುವಷ್ಟು ಬೇಸರದ ಕೆಲಸ ಬೇರೊಂದಿಲ್ಲ. ಹುಡುಗರು ಚದುರಿದ್ದರು, ಧ್ವನಿವರ್ಧಕದವರು ಫೋನ್ ಎತ್ತುತ್ತಿರಲಿಲ್ಲ. ಗಡುವಿಗೆ ಮುಂಚೆ ಅಧಿಕಾರಿಗಳು ಲೆಕ್ಕ ಹೊಂದಾಣಿಕೆಯ ಸಭೆ ಕರೆಯುತ್ತಾರೆ. ಉಳಿದ ವ್ಯತ್ಯಾಸಗಳನ್ನು ಅಲ್ಲಿಯೇ ಮುಗಿಸಿಕೊಂಡೆವು. ಮೂಲ ವಹಿ, ಸಾರಾಂಶ ಪಟ್ಟಿ, ಪ್ರಮಾಣಪತ್ರ, ಬ್ಯಾಂಕ್ ವಿವರ, ಕ್ರಮಸಂಖ್ಯೆ ಹಾಕಿದ ಬಿಲ್ಲುಗಳು, ಎಲ್ಲವನ್ನೂ ಜೂನ್ 9ರಂದು ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಒಂದು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದನ್ನು ಅಲ್ಲಿ ನೋಡಬಹುದು. ಜೀಪಿನ ಬಾಡಿಗೆಯೂ ಅದರಲ್ಲಿದೆ. ಸ್ವೀಕೃತಿ ಪತ್ರ ಮಾತ್ರ ತಂಗಿಯ ಬೀರುವಿನಲ್ಲಿದೆ, ಸಂಘದ ಹಳೆಯ ಪುಸ್ತಕಗಳ ಜೊತೆ. ನನ್ನ ಕೈಗೆ ಅವಳು ಕೊಟ್ಟಿಲ್ಲ.